ಸೈಕಲ್ ಫ್ರೇಮಿಗೆ ಮನೆಯಲ್ಲೇ ಪೇಂಟ್: ಎರಡನೇ ಕೋಟ್ ಯಾಕೆ ಸುಕ್ಕಾಯಿತು?

ಪ್ರಶ್ನೆ: ಅಪ್ಪನ ಹಳೆಯ ಸ್ಟೀಲ್ ಸೈಕಲ್ ಬಿಚ್ಚಿ, ಫ್ರೇಮಿಗೆ ಎನಾಮೆಲ್ ಸ್ಪ್ರೇ ಪೇಂಟ್ ಹೊಡೆದೆ. ಮೊದಲ ಕೋಟ್ ಚೆನ್ನಾಗಿ ಬಂತು. ನಾಲ್ಕೈದು ಗಂಟೆ ಬಿಟ್ಟು ಎರಡನೇ ಕೋಟ್ ಹೊಡೆದೆ. ನೋಡನೋಡುತ್ತಲೇ ಪೇಂಟ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಪೆಡಲ್ ಹತ್ತಿರ ಉಗುರು ತಾಗಿದರೂ ಸಿಪ್ಪೆ ಎದ್ದು ಬರುತ್ತಿದೆ. ಪೂರ್ತಿ ಕೆರೆದು ಮೊದಲಿಂದ ಶುರು ಮಾಡಬೇಕಾ?

ಉತ್ತರ: ಪೂರ್ತಿ ಬೇಡ. ಆದರೆ ಇಲ್ಲಿರುವುದು ಒಂದಲ್ಲ, ಎರಡು ತೊಂದರೆ. ಸುಕ್ಕು ಬಂದದ್ದು ಹೊತ್ತು ತಪ್ಪಿದ್ದರಿಂದ. ಸಿಪ್ಪೆ ಎದ್ದದ್ದು ಕೆಳಗಿನ ಮೈ ಸರಿಯಾಗಿ ತಯಾರಾಗದೆ ಇದ್ದುದರಿಂದ.

ಮೊದಲು ಸುಕ್ಕಿನ ವಿಷಯ. ಎನಾಮೆಲ್ ಪೇಂಟ್ ಗಾಳಿಯ ಆಮ್ಲಜನಕ ಹೀರಿಕೊಂಡು ಮೇಲಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ನಾಲ್ಕೈದು ಗಂಟೆಗೆ ಮೇಲೊಂದು ತೆಳುವಾದ ಪೊರೆ ಕಟ್ಟಿರುತ್ತದೆ, ಒಳಗೆ ಇನ್ನೂ ಮೆತ್ತಗೇ ಇರುತ್ತದೆ. ಆಗ ಹೊಸ ಕೋಟ್ ಬಿದ್ದರೆ ಅದರಲ್ಲಿರುವ ಥಿನ್ನರ್ ಆ ಪೊರೆಯೊಳಗೆ ಇಳಿದು ಅದನ್ನು ಉಬ್ಬಿಸುತ್ತದೆ. ಉಬ್ಬಿದ ಪೊರೆಗೆ ಹರಡಲು ಜಾಗ ಇಲ್ಲ, ಮಡಿಕೆ ಬೀಳುತ್ತದೆ. ಮೊದಲ ಒಂದು ಗಂಟೆಯೊಳಗೆ ಹೊಡೆದಿದ್ದರೆ ಎರಡೂ ಕೋಟ್ ಹಸಿಯಾಗಿ ಬೆರೆತುಬಿಡುತ್ತಿದ್ದವು. ಎರಡು ದಿನ ಕಾದಿದ್ದರೆ ಕೆಳಗಿನದು ಥಿನ್ನರನ್ನು ತಡೆದುಕೊಳ್ಳುತ್ತಿತ್ತು. ನೀವು ನಡುವೆ ಸಿಕ್ಕಿಕೊಂಡಿರಿ. ಡಬ್ಬಿಯ ಹಿಂಭಾಗ ಸಣ್ಣ ಅಕ್ಷರದಲ್ಲಿ ‘1 ಗಂಟೆಯೊಳಗೆ ಅಥವಾ 48 ಗಂಟೆಯ ನಂತರ’ ಎಂಬಂಥ ಮಾತು ಇರುತ್ತದೆ. ಒಂದೊಂದು ಪೇಂಟಿಗೆ ಒಂದೊಂದು ಲೆಕ್ಕ. ಇಡೀ ಡಬ್ಬಿಯಲ್ಲಿ ನಾನು ಎರಡೆರಡು ಸಲ ಓದುವ ಸಾಲು ಅದೊಂದೇ. ಎನಾಮೆಲ್ ಮೇಲೆ ಲ್ಯಾಕರ್ ಎಂಬ ಬೇರೆ ಬಗೆಯ ಪೇಂಟ್ ಹೊಡೆದರೂ ಹೀಗೇ ಸುಕ್ಕಾಗಬಹುದು. ಹಾಗಾಗಿ ಪ್ರೈಮರ್ (ಬಣ್ಣ ಹಿಡಿಯಲು ಕೆಳಗೆ ಹೊಡೆಯುವ ಕೋಟ್), ಬಣ್ಣ, ಕ್ಲಿಯರ್ ಕೋಟ್ (ಬಣ್ಣದ ಮೇಲಿನ ಪಾರದರ್ಶಕ ಕೋಟ್) ಮೂರೂ ಒಂದೇ ಕಂಪನಿಯ ಒಂದೇ ಬಗೆಯವು ಇರಲಿ.

ಈಗ ಸಿಪ್ಪೆ. ಪೆಡಲ್ ಇರುವ ಜಾಗ ಅಂದರೆ ಚೈನಿನ ಎಣ್ಣೆ ವರ್ಷಗಟ್ಟಲೆ ಸಿಡಿದ ಜಾಗ. ಬಹಳ ಜನ ನೇರವಾಗಿ ಉಪ್ಪುಕಾಗದ ಹಿಡಿದು ಉಜ್ಜಲು ಕೂರುತ್ತಾರೆ. ಆಗ ಎಣ್ಣೆ ಹೋಗುವುದಿಲ್ಲ, ಗೀರುಗಳ ಒಳಗೆ ಇನ್ನಷ್ಟು ಸೇರಿಕೊಳ್ಳುತ್ತದೆ. ಮೊದಲು ಸೋಪಿನ ನೀರು, ಆಮೇಲೆ ಜಿಡ್ಡು ತೆಗೆಯುವ ಡಿಗ್ರೀಸರ್, ಅದಾದ ಮೇಲೆ ಉಜ್ಜುವುದು. ತೊಳೆದ ಟ್ಯೂಬಿನ (ಫ್ರೇಮಿನ ಕೊಳವೆ) ಮೇಲೆ ನೀರು ಹನಿಹನಿಯಾಗಿ ನಿಂತರೆ ಜಿಡ್ಡು ಇನ್ನೂ ಇದೆ ಅಂತ ಅರ್ಥ. ಒಂದೇ ಹಾಳೆಯ ಹಾಗೆ ಹರಿಯಬೇಕು.

ನಿಮ್ಮ ಫ್ರೇಮನ್ನು ಈಗ ಒಂದು ವಾರ ಸುಮ್ನೆ ನೇತುಹಾಕಿ. ಮೆತ್ತಗಿನ ಪೇಂಟ್ ಉಜ್ಜಿದರೆ ಕಾಗದಕ್ಕೆ ಅಂಟಿಕೊಂಡು ಮುದ್ದೆಯಾಗುತ್ತದೆ. ಆಮೇಲೆ ಅಲ್ಲಲ್ಲಿ ಬ್ಲೇಡಿನಿಂದ ಚಿಕ್ಕ ಚೌಕಳಿ ಗೀರಿ, ಟೇಪ್ ಒತ್ತಿ, ಸರಕ್ಕನೆ ಕೀಳಿ. ಚೌಕಗಳು ಟೇಪಿನ ಜೊತೆ ಬಂದ ಕಡೆ ಹೊಸ ಪೇಂಟ್ ಪೂರ್ತಿ ತೆಗೆಯಿರಿ. ಬರದಿದ್ದರೆ ಸುಕ್ಕನ್ನು ಮಾತ್ರ ಸಮ ಮಾಡಿ, 400 ನಂಬರ್ ಕಾಗದದಲ್ಲಿ ನೀರು ಹಾಕಿ ಹೊಳಪು ಸಾಯುವವರೆಗೆ ಉಜ್ಜಿದರೆ ಸಾಕು. ಹಳೆಯ ಸೈಕಲ್ಲಿನ ಪೇಂಟಿನಲ್ಲಿ ಸೀಸ ಇರಬಹುದು. ಹಾಗಾಗಿ ಒಣಗಾಗಿ ಉಜ್ಜಿ ಧೂಳೆಬ್ಬಿಸಬೇಡಿ. ತುಕ್ಕಿದ್ದ ಕಡೆ ಲೋಹ ಬೆಳ್ಳಗೆ ಕಾಣಬೇಕು, ಮತ್ತು ಅವತ್ತೇ ಪ್ರೈಮರ್ ಬೀಳಬೇಕು. ಬರಿ ಸ್ಟೀಲ್ ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ ತುಕ್ಕು ಹಿಡಿಯಲು ಶುರುಮಾಡುತ್ತದೆ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ.

ಉಜ್ಜುವಾಗ ಹ್ಯಾಂಡಲ್ ಕೆಳಗಿನ ಜೋಡಣೆಗಳನ್ನು ಬೆಳಕಿಗೆ ಹಿಡಿದು ನೋಡಿ. ಪೇಂಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು, ಉಜ್ಜಿದ ಮೇಲೂ ಲೋಹದಲ್ಲಿ ಅದೇ ಗೆರೆ ಉಳಿದರೆ ಅಲ್ಲಿಗೇ ನಿಲ್ಲಿಸಿ. ಫ್ರೇಮ್ ಸೀಳುತ್ತಿದೆ. ಅದರ ಮೇಲೆ ಬಣ್ಣ ಹೊಡೆದರೆ ಅಪಾಯವನ್ನು ಮುಚ್ಚಿಟ್ಟ ಹಾಗೆ.

ಹೊಡೆಯುವ ಮುಂಚೆ ಬಾಟಮ್ ಬ್ರಾಕೆಟ್ಟಿನ (ಪೆಡಲಿನ ಅಚ್ಚು ಕೂರುವ ಜಾಗ) ತಿರುಪಿನ ಗೆರೆಗಳಿಗೆ, ಸೀಟ್ ಟ್ಯೂಬಿನ ಬಾಯಿಗೆ, ಬೇರಿಂಗ್ ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ. ಬಾಟಲಿ ಸ್ಟ್ಯಾಂಡಿನ ತೂತಿದ್ದರೆ ಹಳೆಯ ಸ್ಕ್ರೂ ತಿರುಗಿಸಿಡಿ. ಡಬ್ಬಿಯನ್ನು ಒಳಗಿನ ಗೋಲಿ ಸದ್ದು ಮಾಡಿದ ಮೇಲೆ ಇನ್ನೊಂದೆರಡು ನಿಮಿಷ ಅಲ್ಲಾಡಿಸಿ. ದೂರ 25 ಸೆಂಟಿಮೀಟರಿನಷ್ಟು ಇರಲಿ. ಟ್ಯೂಬಿನ ಆಚೆಯೇ ಗುಂಡಿ ಒತ್ತಿ, ಟ್ಯೂಬ್ ದಾಟಿದ ಮೇಲೆ ಬಿಡಿ. ಮೊದಲು ಸಂದುಗಳು, ಆಮೇಲೆ ಉದ್ದದ ಟ್ಯೂಬುಗಳು. ಮೊದಲ ಕೋಟಿನಲ್ಲಿ ಕೆಳಗಿನ ಬಣ್ಣ ಇನ್ನೂ ಇಣುಕುತ್ತಿರಬೇಕು. ಅದನ್ನು ನೋಡಿ ಕೈ ತಡೆಯುವುದಿಲ್ಲ, ಇನ್ನೊಂಚೂರು ಹೊಡೆಯೋಣ ಅನ್ನಿಸುತ್ತದೆ. ಪೇಂಟ್ ಕಣ್ಣೀರಿನ ಹಾಗೆ ಇಳಿಯುವುದು ಆಗಲೇ. ತಡೆದುಕೊಳ್ಳಿ. ಮಳೆ ಬರುವ ದಿನ ಬೇಡ, ತೇವಕ್ಕೆ ಹೊಳಪು ಸತ್ತು ಬಿಳಿ ಮಂಜು ಕೂರುತ್ತದೆ.

ಪ್ರಶ್ನೆ: ನನ್ನದು ಅಲ್ಯೂಮಿನಿಯಂ ಫ್ರೇಮ್. ತಮ್ಮನದು ಕಾರ್ಬನ್. ಇದೇ ವಿಧಾನ ನಡೆಯುತ್ತದೆಯೇ?

ಉತ್ತರ: ಅಲ್ಯೂಮಿನಿಯಂಗೆ ನಡೆಯುತ್ತದೆ. ಆದರೆ ಬರಿ ಲೋಹ ಕಂಡ ಕಡೆ ಲೋಹವನ್ನು ತುಸು ಕೊರೆದು ಹಿಡಿದುಕೊಳ್ಳುವ ಸೆಲ್ಫ್ ಎಚ್ ಪ್ರೈಮರೇ ಬೇಕು, ಸಾಮಾನ್ಯ ಪ್ರೈಮರ್ ಅಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಕಾರ್ಬನ್ನಿಗೆ ಪೇಂಟ್ ರಿಮೂವರ್ ಮುಟ್ಟಿಸಲೇಬೇಡಿ, ಅದು ನಾರುಗಳನ್ನು ಹಿಡಿದಿಟ್ಟಿರುವ ರೆಸಿನ್ ಅನ್ನೇ ತಿನ್ನಬಹುದು. ಜಾಸ್ತಿ ಉಜ್ಜಿದರೆ ನಾರು ಕತ್ತರಿಸಿ ಹೋಗುತ್ತದೆ. ತಮ್ಮನ ಫ್ರೇಮನ್ನು ಕೆಲಸ ಗೊತ್ತಿರುವವರಿಗೇ ಕೊಡಿ.

ಪ್ರಶ್ನೆ: ಕ್ಲಿಯರ್ ಕೋಟ್ ಬೇಕೇ ಬೇಕಾ? ಎಷ್ಟು ದಿನಕ್ಕೆ ಸೈಕಲ್ ಮತ್ತೆ ಜೋಡಿಸಬಹುದು?

ಉತ್ತರ: ಬೇಕು. ಕಲ್ಲು, ಕೇಬಲ್, ಬೀಗದ ಸರಪಳಿ ಎಲ್ಲದರ ಪೆಟ್ಟು ಮೊದಲು ಬೀಳುವುದು ಅದಕ್ಕೇ. ಹಾರ್ಡ್ನರ್ ಬೆರೆಯುವ 2ಕೆ ಕ್ಲಿಯರ್ ಬಹಳ ಗಟ್ಟಿ, ಪೆಟ್ರೋಲಿಗೂ ಜಗ್ಗುವುದಿಲ್ಲ. ಆದರೆ ಅದರಲ್ಲಿ ಐಸೋಸೈನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಉಸಿರಿನಲ್ಲಿ ಹೋದರೆ ಆಸ್ತಮಾ ಬರಬಹುದು. ಬಟ್ಟೆಯ ಮಾಸ್ಕ್, ಧೂಳಿನ ಮಾಸ್ಕ್ ಏನೂ ತಡೆಯುವುದಿಲ್ಲ. ಸರಿಯಾದ ರೆಸ್ಪಿರೇಟರ್, ಕನ್ನಡಕ, ಕೈಗವಸು ಇಲ್ಲದಿದ್ದರೆ ದಯವಿಟ್ಟು ಮಾಮೂಲಿ ಕ್ಲಿಯರ್ ತಗೊಳ್ಳಿ. ಅದಕ್ಕೂ ಬಯಲು ಗಾಳಿ ಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು.

ಜೋಡಿಸುವ ವಿಷಯಕ್ಕೆ ಬಂದರೆ, ಮುಟ್ಟಿದರೆ ಅಂಟದಿರುವುದು ಬೇರೆ, ಗಟ್ಟಿಯಾಗುವುದು ಬೇರೆ. ಮಾಮೂಲಿ ಎನಾಮೆಲ್ಲಿಗೆ ಎರಡು ವಾರ ಕೊಡಿ. ಆಮೇಲೆ ಬಾಟಮ್ ಬ್ರಾಕೆಟ್ ಕೆಳಗೆ, ಯಾರಿಗೂ ಕಾಣದ ಕಡೆ ಉಗುರು ಒತ್ತಿ ನೋಡಿ. ಚಂದ್ರನಂಥ ಗುರುತು ಉಳಿದರೆ ಇನ್ನೊಂದು ವಾರ ಬಿಡಿ. ಅದಕ್ಕೂ ಮೊದಲೇ ಸೀಟ್ ಕ್ಲಾಂಪ್ ಬಿಗಿದರೆ ಪೇಂಟ್ ಹಿಟ್ಟಿನ ಹಾಗೆ ಪಕ್ಕಕ್ಕೆ ಸರಿಯುತ್ತದೆ.