ಸಾರ್ಜೆಂಟ್ ಅವರ ತೋಟದ ಚಿತ್ರ: ನಿಮ್ಮ ಪ್ರಶ್ನೆಗೆ ಉತ್ತರ

ಇಬ್ಬರು ಹುಡುಗಿಯರು ತೋಟದಲ್ಲಿ ಕಾಗದದ ದೀಪ ಹಚ್ಚುತ್ತಿರುವ, ಅಮೆರಿಕದ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಅವರ ಚಿತ್ರವನ್ನು ಸ್ಟುಡಿಯೋದಲ್ಲಿ ಕೂತು ಬಿಡಿಸಿದ್ದಾ ಅಂತ ಕೇಳಿದ್ದೀರಿ. ಅಲ್ಲ, ತೋಟದಲ್ಲೇ ನಿಂತು ಬಿಡಿಸಿದ್ದು. ಇಂಗ್ಲೆಂಡಿನ ಬ್ರಾಡ್‌ವೇ ಎಂಬ ಹಳ್ಳಿಯಲ್ಲಿ, ಗೆಳೆಯರ ದೊಡ್ಡ ಮನೆಯ ತೋಟದಲ್ಲಿ, 1885 ಮತ್ತು 1886ರಲ್ಲಿ. ಹೆಸರು 'ಕಾರ್ನೇಷನ್, ಲಿಲಿ, ಲಿಲಿ, ರೋಸ್'.

ಅವರಿಗೆ ಬೇಕಿದ್ದದ್ದು ಮುಸ್ಸಂಜೆಯ ಆ ತಿಳಿ ನೇರಳೆ ಬೆಳಕು. ಅದು ಇರುವುದೇ ಕೆಲವು ನಿಮಿಷ ಅಲ್ವಾ? ಹಾಗಾಗಿ ಎಲ್ಲ ಮೊದಲೇ ಸಿದ್ಧ ಮಾಡಿಕೊಂಡು ಕಾಯುತ್ತಿದ್ದರು. ಬೆಳಕು ಬಂದ ತಕ್ಷಣ ಬಣ್ಣ ಹಚ್ಚುವುದು, ಹೋದ ಮೇಲೆ ಕುಂಚ ಕೆಳಗಿಡುವುದು. ಚಳಿ ಜಾಸ್ತಿಯಾದಾಗ ಮಕ್ಕಳು ಬಿಳಿ ಫ್ರಾಕಿನ ಒಳಗೆ ಸ್ವೆಟರ್ ಹಾಕಿಕೊಂಡು ನಿಂತರು. ಗುಲಾಬಿ ಬಾಡಿದಾಗ ಗಿಡಕ್ಕೆ ಕೃತಕ ಹೂ ಕಟ್ಟಿದರು. ಆ ತಾಳ್ಮೆ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಮಾಡೆಲ್‌ಗಳು ಯಾರು ಅಂತಲೂ ಕೇಳಿದ್ದೀರಿ. ಡಾಲಿ ಮತ್ತು ಪಾಲಿ, ಚಿತ್ರಕಾರ ಫ್ರೆಡ್ರಿಕ್ ಬಾರ್ನಾರ್ಡ್ ಅವರ ಮಕ್ಕಳು. ಆಗ ಅವರಿಗೆ 11 ಮತ್ತು 7 ವರ್ಷ.

ಈಗ ಇದು ಲಂಡನ್ನಿನ ಟೇಟ್ ಬ್ರಿಟನ್ ಕಲಾ ಗ್ಯಾಲರಿಯ ಸಂಗ್ರಹದಲ್ಲಿದೆ. ನೋಡುವ ಅವಕಾಶ ಸಿಕ್ಕರೆ ಮೊದಲು ದೂರ ನಿಂತು ನೋಡಿ, ಆಮೇಲೆ ಹತ್ತಿರ ಹೋಗಿ. ದೀಪದ ಬೆಳಕು ಎಡಗಡೆಯ ಹುಡುಗಿಯ ಮುಖದ ಮೇಲೆ ಹೇಗೆ ಬಿದ್ದಿದೆ ಅಂತ ಸುಮ್ನೆ ಸ್ವಲ್ಪ ಹೊತ್ತು ನೋಡುತ್ತಾ ನಿಲ್ಲಿ. ಸಾರ್ಜೆಂಟ್ ಬಿಡಿಸಿದ ಸಿಂಗಾರದ ಹೆಂಗಸರ ಚಿತ್ರಗಳು ಇಷ್ಟವಾದರೆ, 1892ರ 'ಲೇಡಿ ಆಗ್ನ್ಯೂ' ಎಡಿನ್‌ಬರೋದಲ್ಲಿದೆ.