ಸ್ಕಿನ್ ಕ್ಲಿನಿಕ್‌ನ ಕೆಲಸಕ್ಕೆ ಎಂಥ ಉಡುಪು ಹೊಲಿಸಿಕೊಳ್ಳಬೇಕು?

ಮಂಗಳೂರಿನ ಒಂದು ಸ್ಕಿನ್ ಕ್ಲಿನಿಕ್‌ನಲ್ಲಿ ಮುಂದಿನ ತಿಂಗಳಿನಿಂದ ಎಸ್ತೆಟಿಷಿಯನ್ (ಚರ್ಮದ ಆರೈಕೆ ಮಾಡುವವರು) ಆಗಿ ಕೆಲಸಕ್ಕೆ ಸೇರುತ್ತಿರುವುದಾಗಿಯೂ, ಅಲ್ಲಿ ಸಮವಸ್ತ್ರ ಕೊಡುವುದಿಲ್ಲವೆಂದೂ, ‘ನೀಟಾಗಿ, ಪ್ರೊಫೆಷನಲ್ ಆಗಿ ಬನ್ನಿ’ ಎಂದಷ್ಟೇ ಹೇಳಿದ್ದಾರೆಂದೂ ಬರೆದಿದ್ದೀರಿ. ನೋಡಲು ಗೌರವವಾಗಿರುವ, ದಿನವಿಡೀ ಮೈಗೆ ಹಿತವಾಗಿರುವ ಉಡುಪು ಯಾವುದು ಎಂಬುದು ನಿಮ್ಮ ಪ್ರಶ್ನೆ. ನಾನು ಉಡುಪಿಯಲ್ಲಿ ಬಹಳ ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಹೊಸದಾಗಿ ಸೇರುವ ಹುಡುಗಿಯರು ಕ್ರೀಮು, ಮೆಷಿನ್ನುಗಳ ಬಗ್ಗೆ ಎಷ್ಟು ಬೇಕಾದರೂ ಕೇಳುತ್ತಾರೆ, ಬಟ್ಟೆಯ ಬಗ್ಗೆ ಕೇಳುವವರು ಕಡಿಮೆ. ನೀವು ಕೇಳಿದ್ದು ಸಂತೋಷ, ಆದ್ದರಿಂದ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಕೆಲಸದ ಹೆಚ್ಚಿನ ಭಾಗ ನಡೆಯುವುದು ಬಗ್ಗಿದ ಭಂಗಿಯಲ್ಲಿ. ಫೇಶಿಯಲ್ ಮಾಡುವಾಗ ಮಲಗಿದವರ ತಲೆಯ ಹಿಂದೆ ಸ್ಟೂಲಿನ ಮೇಲೆ ಕುಳಿತು ಮುಂದಕ್ಕೆ ಬಾಗುತ್ತೇವೆ. ಅವರ ಮುಖ ನಮ್ಮ ಎದೆಯ ಕೆಳಗೆ, ಒಂದು ಗೇಣು ದೂರದಲ್ಲಿ ಇರುತ್ತದೆ. ವ್ಯಾಕ್ಸಿಂಗ್ ಮಾಡುವಾಗ ಮಂಚದ ಬದಿಯಲ್ಲಿ ನಿಂತು ಸೊಂಟದಿಂದ ಬಗ್ಗುತ್ತೇವೆ. ಥ್ರೆಡ್ಡಿಂಗ್‌ಗೆ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿದವರ ಮೇಲೆಯೇ ವಾಲುತ್ತೇವೆ. ಹೀಗಿರುವಾಗ ಅಂಗಡಿಯ ಕನ್ನಡಿಯ ಮುಂದೆ ನೆಟ್ಟಗೆ ನಿಂತು ಆರಿಸಿದ ಉಡುಪು ಕೆಲಸದ ಕೋಣೆಯಲ್ಲಿ ಕೈಕೊಡುವುದು ಸಹಜ. ಟ್ರಯಲ್ ರೂಮಿನಲ್ಲಿ ಮೊದಲು ಮುಂದಕ್ಕೆ ಬಾಗಿ ಎರಡೂ ಕೈಗಳನ್ನು ಚಾಚಿ ನೋಡಿ, ಬಳಿಕ ಕುಳಿತು ನೋಡಿ, ಆಮೇಲೆ ಕನ್ನಡಿಗೆ ಬೆನ್ನು ಹಾಕಿ ಬಗ್ಗಿ, ತಿರುಗಿ ನೋಡಿಕೊಳ್ಳಿ. ಕತ್ತಿನ ಭಾಗ ಬಾಯಿ ತೆರೆಯಬಾರದು, ಬೆನ್ನಿನ ಕೆಳಭಾಗ ಕಾಣಬಾರದು, ಕಂಕುಳಲ್ಲಿ ಎಳೆಯಬಾರದು, ಪ್ಯಾಂಟಿನ ಪಟ್ಟಿ ಹೊಟ್ಟೆಯನ್ನು ಕೊರೆಯಬಾರದು. ಇಷ್ಟರಲ್ಲಿ ಗೆದ್ದ ಉಡುಪು ನೋಡಲು ಸಾಧಾರಣವಾಗಿದ್ದರೂ ಅದನ್ನೇ ಕೊಳ್ಳಿ.

ನನ್ನ ಮಟ್ಟಿಗೆ ಇದಕ್ಕೆಲ್ಲ ಒದಗುವುದು ಸೊಂಟದಿಂದ ಒಂದು ಗೇಣು ಕೆಳಗಿಳಿಯುವ, ಎರಡೂ ಬದಿ ಸ್ಲಿಟ್ ಇರುವ ಟ್ಯೂನಿಕ್ ಮತ್ತು ಅದರೊಂದಿಗೆ ನೇರವಾದ, ಸ್ವಲ್ಪ ಸಡಿಲವಾದ ಪ್ಯಾಂಟ್. ಮಣಿಪಾಲದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗಾಗಿ ಸ್ಕ್ರಬ್ಸ್, ಅಂದರೆ ಆಸ್ಪತ್ರೆಯಲ್ಲಿ ತೊಡುವ ಸಡಿಲ ಅಂಗಿ-ಪ್ಯಾಂಟ್, ಮಾರುವ ಅಂಗಡಿಗಳಿವೆ, ಒಮ್ಮೆ ಹೋಗಿ ತೊಟ್ಟು ನೋಡಬಹುದು. ಆದರೆ ಸಿದ್ಧ ಸ್ಕ್ರಬ್ಸ್‌ನ ‘ವಿ’ ಆಕಾರದ ಕತ್ತು ನಮ್ಮಂತೆ ಬಾಗುವವರಿಗೆ ಹೆಚ್ಚು ಆಳವಾಗುತ್ತದೆ. ಎದೆಯ ಮೇಲಿನ ಜೇಬಂತೂ ನಮಗೆ ಸಲ್ಲದು, ಅದರಲ್ಲಿಟ್ಟ ಪೆನ್ನು ಅಥವಾ ಟ್ವೀಜರ್ ನೇರವಾಗಿ ಮಲಗಿದವರ ಮುಖದ ಮೇಲೆ ಬೀಳುತ್ತದೆ. ಹಾಗಾಗಿ ಪರಿಚಯದ ಟೈಲರ್ ಬಳಿ ಹೊಲಿಸುವುದೇ ಒಳ್ಳೆಯದು. ಕತ್ತು ಗಿಡ್ಡ ಕಾಲರಿನದಾಗಿರಲಿ ಅಥವಾ ಎದೆಯ ಮೇಲೆ ಎರಡು ಅಂಚುಗಳು ಒಂದರ ಮೇಲೊಂದು ಹಾಯುವಂತಿರಲಿ. ಜೇಬುಗಳು ಕೆಳಗೆ, ಬದಿಯಲ್ಲಿರಲಿ. ತೋಳು ಮೊಣಕೈಗಿಂತ ಮೇಲೆಯೇ ನಿಲ್ಲಲಿ. ಕಂಕುಳ ಬಳಿ ಒಂದು ಚೌಕದ ತುಂಡು ಸೇರಿಸಿ ಹೊಲಿಯಲು ಹೇಳಿದರೆ ಕೈ ಎತ್ತಿದಾಗ ಇಡೀ ಟ್ಯೂನಿಕ್ ಮೇಲೇರುವುದಿಲ್ಲ. ನಮ್ಮ ಕಡೆಯ ಟೈಲರುಗಳು ಚೂಡಿದಾರ ಹೊಲಿದ ರೂಢಿಯಲ್ಲಿ ಕೇಳದೆಯೇ ಹಿಂದಿನ ಕತ್ತನ್ನು ಆಳವಾಗಿ ಕತ್ತರಿಸಿಬಿಡುತ್ತಾರೆ. ಅದನ್ನು ಅಳತೆ ಕೊಡುವಾಗಲೇ ಹೇಳಿ, ಹತ್ತಿಯ ಬಟ್ಟೆಯಾದರೆ ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿಯೇ ಹೊಲಿಗೆಗೆ ಕೊಡಿ.

ಸೀರೆಯ ಬಗ್ಗೆ ನನಗೆ ಅಪಾರ ಪ್ರೀತಿಯಿದೆ. ಕಿನ್ನಿಗೋಳಿಯ ಕಡೆ ಕೈಮಗ್ಗದಲ್ಲಿ ನೇಯುವ ಹಗುರವಾದ ಉಡುಪಿ ಸೀರೆಗಿಂತ ನಮ್ಮ ಸೆಕೆಗೆ ಒಗ್ಗುವ ಉಡುಗೆ ಇನ್ನೊಂದಿಲ್ಲ ಎಂದೇ ನಂಬಿದ್ದೇನೆ. ರಿಸೆಪ್ಶನ್‌ನಲ್ಲಿ ಕೂರುವ ದಿನ ಅದನ್ನು ಧಾರಾಳವಾಗಿ ಉಡಬಹುದು. ಆದರೆ ವ್ಯಾಕ್ಸ್ ಹೀಟರ್ ಮತ್ತು ಸ್ಟೀಮರಿನ ಪಕ್ಕದಲ್ಲಿ ಸೆರಗಿಗಾಗಲಿ ದುಪಟ್ಟಾಕ್ಕಾಗಲಿ ಸ್ಥಳವಿಲ್ಲ, ಪಿನ್ನು ಹಾಕಿದರೂ ಅದರ ತುದಿ ಎಲ್ಲಾದರೂ ಅದ್ದಿಕೊಳ್ಳುತ್ತದೆ. ಟ್ಯೂನಿಕ್ಕಿನ ಕೆಳಗೆ ತೆಳುವಾದ ಲೆಗ್ಗಿಂಗ್ಸ್ ತೊಡುವುದೂ ನನಗೆ ಸರಿಕಾಣುವುದಿಲ್ಲ. ತಲೆವಸ್ತ್ರ ಧರಿಸುವ ನನ್ನ ಸಹೋದ್ಯೋಗಿಗಳು ಹಿಗ್ಗುವ ಹತ್ತಿ ಜರ್ಸಿಯ ಗಿಡ್ಡ ತಲೆವಸ್ತ್ರವನ್ನು ಪಿನ್ನಿಲ್ಲದೆ ಸುತ್ತಿ, ತುದಿಗಳನ್ನು ಕಾಲರಿನ ಒಳಗೆ ಸೇರಿಸಿಕೊಳ್ಳುತ್ತಾರೆ. ಅದು ಅಚ್ಚುಕಟ್ಟಾಗಿಯೂ ಇರುತ್ತದೆ, ಕೂದಲು ಉದುರುವ ಚಿಂತೆಯನ್ನೂ ತಪ್ಪಿಸುತ್ತದೆ.

ಇನ್ನು ಬಟ್ಟೆಯ ಜಾತಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ದಪ್ಪ ಹತ್ತಿಯ ಟ್ಯೂನಿಕ್ ಆ ದಿನಗಳಲ್ಲಿ ಎರಡು ದಿನವಾದರೂ ಒಣಗುವುದಿಲ್ಲ, ಅರೆ ಒಣಗಿದ್ದನ್ನು ಮಡಚಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಹಳ್ಳಿಯ ಕಡೆಯಿಂದ ಬರುವವರು ಬಚ್ಚಲುಮನೆಯ ಒಲೆಯ ಮೇಲಿನ ಹಗ್ಗದಲ್ಲಿ ಬಟ್ಟೆ ಒಣಗಿಸುವುದುಂಟು. ಮನೆಯವರಿಗೆ ಗೊತ್ತೇ ಆಗದ ಆ ಹೊಗೆಯ ವಾಸನೆ, ಕಣ್ಣು ಮುಚ್ಚಿ ಮಲಗಿರುವ ಗ್ರಾಹಕರಿಗೆ ಮೊದಲ ನಿಮಿಷದಲ್ಲೇ ತಿಳಿಯುತ್ತದೆ. ಹಾಗೆಂದು ಪೂರ್ತಿ ಪಾಲಿಯೆಸ್ಟರ್ ಕೊಂಡರೆ ಅದು ಬೆವರನ್ನು ಹೀರುವುದಿಲ್ಲ, ಮಸಾಜ್ ಎಣ್ಣೆಯ ಜಿಡ್ಡನ್ನೂ ಕಮಟನ್ನೂ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಮಾರ್ಚ್‌ನಿಂದ ಮೇವರೆಗಿನ ಸೆಕೆಗೆ ಹಗುರ ಹತ್ತಿ, ಮಳೆಗಾಲಕ್ಕೆ ಹತ್ತಿ, ಪಾಲಿಯೆಸ್ಟರ್ ಬೆರೆತ ಟೆರಿಕಾಟ್ ಎಂದು ಎರಡು ಬಗೆ ಇಟ್ಟುಕೊಳ್ಳುವುದು ನನ್ನ ರೂಢಿ. ಒಂದೇ ಬಗೆ ಸಾಕೆನ್ನುವುದಾದರೆ ಎರಡನೆಯದನ್ನೇ ಆರಿಸಿ, ಒಳಗೆ ಹತ್ತಿಯ ಸ್ಲಿಪ್ ತೊಡಿ. ಹೊರಗಿನ ಸೆಕೆಯಿಂದ ಎ.ಸಿ. ಕೋಣೆಗೆ ಹೊಕ್ಕಾಗ ಬೆವರು ಬೆನ್ನಿಗೆ ಅಂಟಿ ತಣ್ಣಗಾಗುವುದನ್ನು ಅದು ತಡೆಯುತ್ತದೆ.

ಬಣ್ಣದಲ್ಲಿ ಎಲ್ಲರೂ ಕಪ್ಪನ್ನೇ ಹೇಳುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಪೌಡರು, ಹತ್ತಿಯ ನಾರು, ಒಣಗಿದ ಫೇಸ್ ಪ್ಯಾಕಿನ ಪುಡಿ ಎಲ್ಲವೂ ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ಮುಖಕ್ಕೆ ಹಚ್ಚುವ ಬ್ಲೀಚ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಸಿಡಿದರೂ ಕಪ್ಪು ಹತ್ತಿಯಲ್ಲಿ ಕಂದು ಚುಕ್ಕೆ ಶಾಶ್ವತವಾಗಿ ಉಳಿಯುತ್ತದೆ. ಮೊಡವೆಗೆ ಬಳಸುವ ಬೆಂಜಾಯಿಲ್ ಪೆರಾಕ್ಸೈಡ್ ಕೂಡ ಹಾಗೆಯೇ ಬಣ್ಣ ತಿನ್ನುತ್ತದೆ. ಬಿಳಿ ಬಣ್ಣ ಇದಕ್ಕೆ ಹೆದರುವುದಿಲ್ಲ, ಆದರೆ ಅರಿಶಿನ ಮತ್ತು ಮೆಹೆಂದಿಯ ಮುಂದೆ ಸೋಲುತ್ತದೆ. ನಡುವಿನ ಬೂದು ಅಥವಾ ಮಬ್ಬಾದ ನೀಲಿ ಇವೆಲ್ಲವನ್ನೂ ಒಂದು ಮಟ್ಟಿಗೆ ಸಹಿಸಿಕೊಳ್ಳುತ್ತದೆ. ಏನೇ ಆದರೂ ಕಲೆಯನ್ನು ತಿನ್ನಬೇಕಾದದ್ದು ಏಪ್ರನ್, ಟ್ಯೂನಿಕ್ ಅಲ್ಲ. ವ್ಯಾಕ್ಸಿಂಗ್ ಮತ್ತು ಬ್ಲೀಚ್ ಇರುವಾಗ ಏಪ್ರನ್ ಕಟ್ಟಿಕೊಳ್ಳಿ, ಆ ಕೆಲಸ ಮುಗಿದೊಡನೆ ಬಿಚ್ಚಿಡಿ. ರೆಸಿನ್ (ರಾಳ) ಬೆರೆತ ವ್ಯಾಕ್ಸ್ ಬಟ್ಟೆಗೆ ಹತ್ತಿದರೆ ನೀರಿಗೆ ಹೋಗದು. ಮೊದಲು ತೆಂಗಿನೆಣ್ಣೆ ಸವರಿ ಕರಗಿಸಿ, ನಂತರ ಪಾತ್ರೆ ತೊಳೆಯುವ ಸೋಪಿನಿಂದ ಆ ಎಣ್ಣೆಯನ್ನು ತೆಗೆಯಬೇಕು. ಸಕ್ಕರೆಯ ವ್ಯಾಕ್ಸಾದರೆ ಬಿಸಿನೀರೇ ಸಾಕು.

ಕೈ ಮತ್ತು ಕೊರಳಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ನೋಡುವವರ ಮೊಣಕೈಯಿಂದ ಕೆಳಗೆ ಉಡುಪಿನ ತೋಳು, ವಾಚು, ಆಭರಣ ಇರಬಾರದೆಂಬ ನೀತಿ 2007ರಲ್ಲಿ ಬಂತು. ನಮ್ಮ ಕೆಲಸವೂ ಬರಿಯ ಚರ್ಮದೊಂದಿಗೆ, ಕೆಲವೊಮ್ಮೆ ಕೆರಳಿದ ಚರ್ಮದೊಂದಿಗೆ ಆಗಿರುವುದರಿಂದ ಅದನ್ನೇ ನಾವೂ ಪಾಲಿಸುವುದು ತಕ್ಕದ್ದು. ಉಂಗುರದ ಕೆಳಗೆ ಸೋಪಾಗಲಿ ಸ್ಯಾನಿಟೈಸರ್ ಆಗಲಿ ಸರಿಯಾಗಿ ತಲುಪುವುದಿಲ್ಲ, ಕಲ್ಲಿನ ಮೊನೆ ಕೆನ್ನೆಯನ್ನು ಗೀರುತ್ತದೆ. ಬಳೆಯ ಸದ್ದು ನಿಮಗೆ ಕೇಳಿಸದಿದ್ದರೂ ಕಿವಿಯ ಪಕ್ಕದಲ್ಲೇ ಅದನ್ನು ಕೇಳುತ್ತ ಮಲಗಿದವರಿಗೆ ನೆಮ್ಮದಿಯಿರುವುದಿಲ್ಲ. ಕರಿಮಣಿಯನ್ನು ತೆಗೆಯಲು ಅನೇಕರಿಗೆ ಮನಸ್ಸು ಬಾರದು, ಅದು ಅರ್ಥವಾಗುವಂಥದ್ದೇ. ಅದಕ್ಕಾಗಿಯೇ ಮುಚ್ಚಿದ ಕತ್ತು ಬೇಕೆಂದು ಹೇಳಿದ್ದು, ಸರ ಒಳಗೆ ಸೇರಿದರೆ ಬಾಗಿದಾಗ ಯಾರ ಹಣೆಗೂ ತಾಗುವುದಿಲ್ಲ. ನಿಮ್ಮ ಕ್ಲಿನಿಕ್‌ನಲ್ಲಿ ಲೇಸರ್ ಇದ್ದರೆ ಹೊಳೆಯುವ ಯಾವ ಲೋಹವನ್ನೂ ಹಾಕಿಕೊಂಡು ಆ ಕೋಣೆಗೆ ಹೋಗಬೇಡಿ, ಕಿರಣ ಅದರಿಂದ ಪ್ರತಿಫಲಿಸಿ ಕಣ್ಣಿಗೆ ತಗಲುವ ಅಪಾಯವಿದೆ. ಕೂದಲನ್ನು ಹಿಂದಕ್ಕೆ ಬಿಗಿದು ಗಂಟು ಹಾಕಿ. ಶಂಕರಪುರ ಮಲ್ಲಿಗೆ ಮುಡಿಯುವುದು ನಮ್ಮ ಊರಿನ ಸೊಗಸು ಹೌದು, ಆದರೆ ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಮುಕ್ಕಾಲು ಗಂಟೆ ಆ ಪರಿಮಳ ಕುಡಿದವರಿಗೆ ತಲೆನೋವು ಬರಬಹುದು. ಸೆಂಟಿಗೂ ಇದೇ ಮಾತು.

ಪಾದರಕ್ಷೆಗೆ ಬಟ್ಟೆಗಿಂತ ಹೆಚ್ಚು ಹಣ ಖರ್ಚು ಮಾಡಿ. ಟೈಲ್ಸ್ ನೆಲದ ಮೇಲೆ ದಿನವಿಡೀ ನಿಲ್ಲುವವರಿಗೆ ಹಿಮ್ಮಡಿ ನೋವು, ಕಾಲಿನ ನರ ಉಬ್ಬುವುದು ಅಪರೂಪವಲ್ಲ. ಬೆರಳು ಮುಚ್ಚುವ, ಮೆತ್ತನೆಯ ಅಟ್ಟೆಯ, ಎಣ್ಣೆ ಚೆಲ್ಲಿದ ನೆಲದಲ್ಲೂ ಜಾರದ ಶೂ ಬೇಕು. ಚರ್ಮವಾಗಲಿ ಫೋಮ್ ಆಗಲಿ, ಮೇಲ್ಭಾಗವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಂತಿರಲಿ. ಅದನ್ನು ಕ್ಲಿನಿಕ್‌ನಲ್ಲೇ ಬಿಟ್ಟುಬನ್ನಿ. ಜುಲೈ ತಿಂಗಳಲ್ಲಿ ಬಸ್ಸಿಳಿದು ಕೆಸರು ತುಳಿದು ಬಂದ ಚಪ್ಪಲಿಯೊಂದಿಗೆ ಒಳಕೋಣೆಗೆ ಹೋಗುವಂತಿಲ್ಲ.

ಟ್ಯೂನಿಕ್ಕನ್ನೂ ಮನೆಯಿಂದಲೇ ತೊಟ್ಟು ಬರಬೇಡಿ. ಸಿಟಿ ಬಸ್ಸಿನ ನೂಕುನುಗ್ಗಲಿನಲ್ಲಿ ಬೆವರಿ ಮುದುಡಿದ ಬಟ್ಟೆಯಲ್ಲಿ ಮೊದಲ ಗ್ರಾಹಕರನ್ನು ಎದುರುಗೊಳ್ಳುವುದು ಬೇಡ. ತೊಳೆದು ಇಸ್ತ್ರಿ ಮಾಡಿದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ಅಲ್ಲೇ ಬದಲಾಯಿಸಿ. ಮದುಮಗಳ ಮೇಕಪ್ಪಿಗೆ ಮನೆಗಳಿಗೆ ಹೋಗುವ ಸಂದರ್ಭ ಬಂದರೆ, ಮದುವೆಮನೆಯೆಂದು ರೇಷ್ಮೆ ಉಡುವ ಅಗತ್ಯವಿಲ್ಲ. ಗಾಢ ಬಣ್ಣದ ಸರಳ ಕುರ್ತಾ, ಪ್ಯಾಂಟ್ ಸಾಕು, ಬ್ರಷ್‌ಗಳನ್ನು ಇಡಲು ಜೇಬಿರುವ ಏಪ್ರನ್ ಜೊತೆಗಿರಲಿ.

ಮಳೆಗಾಲದ ಲೆಕ್ಕ ಹಿಡಿದರೆ ನಾಲ್ಕು ಜೊತೆಗಿಂತ ಕಡಿಮೆಯಿದ್ದರೆ ಕಷ್ಟವಾಗುತ್ತದೆ. ಆದರೆ ನಾಲ್ಕನ್ನೂ ಒಟ್ಟಿಗೆ ಹೊಲಿಸಬೇಡಿ. ಮುಂದೆ ಅವರು ಒಂದೇ ಬಣ್ಣವನ್ನು ಗೊತ್ತುಮಾಡುವ ಯೋಚನೆಯಲ್ಲಿದ್ದಾರೆಯೇ ಎಂದು ಮೊದಲು ಕ್ಲಿನಿಕ್‌ನವರನ್ನು ಕೇಳಿ. ಬಳಿಕ ಒಂದನ್ನು ಹೊಲಿಸಿ, ಒಂದು ವಾರ ಕೆಲಸದಲ್ಲಿ ತೊಟ್ಟು ನೋಡಿ. ಎಲ್ಲಿ ಎಳೆಯುತ್ತದೆ, ಎಲ್ಲಿ ಸಡಿಲವಾಯಿತು ಎಂಬುದನ್ನು ಟೈಲರಿಗೆ ತೋರಿಸಿ, ಉಳಿದ ಮೂರನ್ನು ಆ ತಿದ್ದಿದ ಅಳತೆಯಲ್ಲಿ ಹೊಲಿಸಿಕೊಳ್ಳಿ.