ಮಿಲಿಟರಿ ಡಿಸ್ಪೋಸಲ್ ಫೋರ್ಕ್‌ಲಿಫ್ಟ್‌ಗೆ ಪಾರ್ಟ್ಸ್ ಎಲ್ಲಿ ಸಿಗುತ್ತದೆ?

ಹರಾಜಿನಲ್ಲಿ ಸೇನೆಯ ಹಳೇ 3 ಟನ್ ಡೀಸೆಲ್ ಫೋರ್ಕ್‌ಲಿಫ್ಟ್ ತೆಗೆದುಕೊಂಡಿದ್ದೀರಿ. ಯಾವ ಅಂಗಡಿಗೆ ಹೋದರೂ "ಮಿಲಿಟರಿ ಗಾಡಿ, ಪಾರ್ಟ್ಸ್ ಇಲ್ಲ" ಅನ್ನುತ್ತಾರೆ, ಗುಜರಿಗೆ ಹಾಕಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ.

ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಲೇಬೇಡಿ. ಪಾರ್ಟ್ ಬಿಚ್ಚಿ, ತೊಳೆದು, ಕೈಯಲ್ಲಿ ಹಿಡಿದು ಹೋಗಿ. ಬೇರಿಂಗ್ ಮೇಲೆ 6206 ಅಂತ ಇದ್ದರೆ ಒಳಗೆ 30, ಹೊರಗೆ 62, ದಪ್ಪ 16 ಮಿ.ಮೀ. ಯಾವ ಕಂಪನಿಯದಾದರೂ ಅಷ್ಟೇ ಅಳತೆ. ಬೆಂಗಳೂರಿನ ಜೆ.ಸಿ. ರೋಡಿನ ಪಾರ್ಟ್ಸ್ ಅಂಗಡಿಗಳಲ್ಲಿ ನಿಂತ ಕಾಲ ಮೇಲೆ ಸಿಗುತ್ತದೆ. ಹೈಡ್ರಾಲಿಕ್ ಸೀಲ್‌ಗೂ ಹಾಗೇ: ರಾಡಿನ ವ್ಯಾಸ, ಸಿಲಿಂಡರಿನ ಒಳವ್ಯಾಸ, ಸೀಲ್ ಕೂರಲು ಕೊರೆದಿರುವ ತೋಡಿನ ಅಗಲ, ಈ ಮೂರನ್ನು ವರ್ನಿಯರ್‌ನಲ್ಲಿ ಅಳೆದುಕೊಳ್ಳಿ. ಹಳೇ ಸೀಲನ್ನು ಅಳೆಯಬೇಡಿ, ಅದು ಕುಗ್ಗಿಯೋ ಉಬ್ಬಿಯೋ ಇರುತ್ತದೆ.

ಇನ್ನು ಗಾಡಿಯ ಮೇಲಿನ ನೇಮ್ ಪ್ಲೇಟು. ಸೇನೆಯವರು ಬಣ್ಣದ ಮೇಲೆ ಬಣ್ಣ ಹೊಡೆದಿರುತ್ತಾರೆ. ಬಟ್ಟೆಗೆ ಥಿನ್ನರ್ ಹಾಕಿ ನಿಧಾನವಾಗಿ ಉಜ್ಜಿ, ಹಸಿರು ಕರಗಿ ಅಕ್ಷರ ಒಂದೊಂದಾಗಿ ಏಳುತ್ತವೆ. 13 ಅಂಕಿಯ ಸಂಖ್ಯೆ ಸಿಕ್ಕರೆ ಅದು ಸ್ಟಾಕ್ ನಂಬರ್, ಅಂದರೆ ಸೇನೆಯ ಸಾಮಾನುಗಳನ್ನು ಗುರುತಿಸುವ ನಂಬರ್. ಮೊದಲ 4 ಅಂಕಿ ವಸ್ತುವಿನ ಬಗೆ, ಆಮೇಲಿನ 2 ಅಂಕಿ ದೇಶ. ಭಾರತಕ್ಕೆ 72, ಅಮೆರಿಕಕ್ಕೆ 00 ಅಥವಾ 01. ಆ ನಂಬರ್ ಹಾಕಿ ಹುಡುಕಿದರೆ ಎಷ್ಟೋ ಸಲ ನಿಜವಾದ ತಯಾರಕರ ಪಾರ್ಟ್ ನಂಬರ್ ಸಿಗುತ್ತದೆ. ಎಂಜಿನ್‌ಗೆ ಮಾತ್ರ ಬ್ಲಾಕಿನ ಮೇಲೆ ಕೆತ್ತಿರುವ ನಂಬರನ್ನೇ ನಂಬಿ. ಟ್ರ್ಯಾಕ್ಟರಿಗೋ ಜನರೇಟರಿಗೋ ಹಾಕುವ ಎಂಜಿನ್ನೇ ಇರುವುದು ಜಾಸ್ತಿ.

ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರಿನಲ್ಲಿ ಬರೀ 900 ಇದೆ ಅಂತ ಖುಷಿಪಡಬೇಡಿ. ಈ ಗಾಡಿಗಳು ಓಡಿ ಸವೆಯುವುದಿಲ್ಲ, ನಿಂತೂ ನಿಂತೂ ಕೆಡುತ್ತವೆ. ಟ್ಯಾಂಕಿನಲ್ಲಿ ತುಕ್ಕು, ಸೀಲುಗಳು ಬಿಸ್ಕತ್ತಿನ ಹಾಗೆ. ನನ್ನ ಹತ್ತಿರ ಬಂದ ಒಂದು ಗಾಡಿಯ ಸ್ಟೀರಿಂಗ್ ಕಲ್ಲಿನಂತೆ ಗಟ್ಟಿಯಾಗಿತ್ತು. ಎರಡು ದಿನ ಪಂಪ್ ಬಿಚ್ಚಿ ನೋಡಿದೆವು. ಕೊನೆಗೆ ನೋಡಿದರೆ ಕಿಂಗ್‌ಪಿನ್ನಿಗೆ (ಚಕ್ರ ತಿರುಗುವ ಪಿನ್ನು) ಗ್ರೀಸ್ ತುಂಬುವ ನಿಪ್ಪಲ್ ಬಣ್ಣದಡಿ ಮುಚ್ಚಿಹೋಗಿತ್ತು! ಎಷ್ಟು ವರ್ಷ ಅದಕ್ಕೆ ಗ್ರೀಸೇ ಹೋಗಿರಲಿಲ್ಲವೋ. ಆ ಪಿನ್ ಎಲ್ಲೂ ಸಿಗಲಿಲ್ಲ, ಲೇತಿನಲ್ಲಿ ಕಡೆಸಿ, ಹಾರ್ಡನಿಂಗ್ ಮಾಡಿಸಿ ಹಾಕಿದೆವು. ನೀವು ಮೊದಲು ಎಲ್ಲ ನಿಪ್ಪಲ್‌ಗಳ ಬಣ್ಣ ಕೆರೆಯಿರಿ.

ಬ್ರೇಕ್ ಆಯಿಲ್ ಸುಮ್ನೆ ಸುರಿಯಬೇಡಿ. ಕೆಲವಕ್ಕೆ ಮಿನರಲ್ ಆಯಿಲ್, ಕೆಲವಕ್ಕೆ ಮಾಮೂಲಿ ಡಾಟ್ ಫ್ಲೂಯಿಡ್. ಅದಲುಬದಲಾದರೆ ರಬ್ಬರ್ ಹಾಳಾಗಿ ಬ್ರೇಕ್ ಹೋಗುತ್ತದೆ.

ಎರಡು ಕಡೆ ಮಾತ್ರ ದುಡ್ಡು ಉಳಿಸಬೇಡಿ: ಭಾರ ಎತ್ತುವ ಚೈನ್ ಮತ್ತು ಫೋರ್ಕ್. ಹೊಸದರಲ್ಲಿ 300 ಮಿ.ಮೀ ಇದ್ದ ಚೈನಿನ ಭಾಗ 309 ಆಗಿದ್ದರೆ, ಅಂದರೆ 3% ಹಿಗ್ಗಿದ್ದರೆ, ಬದಲಾಯಿಸಿ. ಫೋರ್ಕಿನ ಹಿಮ್ಮಡಿ, ಅಂದರೆ ಅದು ಬಾಗುವ ಮೂಲೆ, ದಪ್ಪದಲ್ಲಿ 10% ಸವೆದಿದ್ದರೂ ಬದಲಾಯಿಸಿ, ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ಕೆಳಗೆ ಮನುಷ್ಯರು ಓಡಾಡುತ್ತಾರೆ ಅಲ್ವಾ? ಮಾಸ್ಟ್ (ಫೋರ್ಕ್ ಮೇಲೆ ಕೆಳಗೆ ಓಡುವ ಕಂಬ) ಎತ್ತಿ ಕೆಲಸ ಮಾಡುವಾಗ ಗಟ್ಟಿ ಮರದ ದಿಮ್ಮಿ ಆಸರೆ ಕೊಡದೆ ಕೈ ಹಾಕಬೇಡಿ.

ಪ್ಲೇಟು ಮತ್ತು ಎಂಜಿನ್ ನಂಬರಿನ ಫೋಟೋ ಹಾಕಿ, ಮುಂದಿನದು ನೋಡೋಣ.